ಹೊಸ ಕಟಾನ ಕೊಳ್ಳುವುದಾದರೆ ಬಿಳಿ ಒರೆಯಲ್ಲೇ ಕೊಳ್ಳಿ

ಈಗಿನ ಜಪಾನಿ ಕಮ್ಮಾರರು ಕೈಯಲ್ಲಿ ಬಡಿದ ಕಟಾನ, ಅಂದರೆ ಬಾಗಿದ ಉದ್ದ ಕತ್ತಿ, ಸಂಗ್ರಹಕ್ಕೆ ಬೇಕಿದ್ದರೆ ಶಿರಸಾಯ ಎಂಬ ಬಿಳಿ ಒರೆಯಲ್ಲೇ ತರಿಸಿ. ಹೊನೊಕಿ ಮರದ ಈ ಸಾದಾ ಒರೆಗೆ ರೇಷ್ಮೆ ಸುತ್ತಿದ ಹಿಡಿಯಿಲ್ಲ, ಅರಗಿನ ಹೊಳಪಿಲ್ಲ. ದುಡ್ಡೆಲ್ಲ ಅಲಗಿಗೇ ಹೋಗುತ್ತದೆ. ಹಳೆಯ ಕತ್ತಿಗಳಲ್ಲಿ ಕಾಡುವ, ಕಮ್ಮಾರರ ಹೆಸರಿನ ಸುಳ್ಳು ಸಹಿಯ ಭಯ ಇಲ್ಲಿ ಕಡಿಮೆ. ಸಾಣೆ ತಿಂದು ತಿಂದು ಸವೆದ ಅಲಗೂ ಅಲ್ಲ.

ಬೆಲೆ ದುಬಾರಿ, ನಿಜ. ಪರವಾನಗಿ ಇರುವ ಕಮ್ಮಾರರು ತಿಂಗಳಿಗೆ ಎರಡೇ ಉದ್ದ ಕತ್ತಿ ಮಾಡಬಹುದು. ಉಕ್ಕೂ ಹೇರಳವಿಲ್ಲ. ಜಪಾನಿನ ಶಿಮಾನೆ ಪ್ರಾಂತ್ಯದ ಒಕುಇಝುಮೊದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ ತತಾರ ಕುಲುಮೆ ಉರಿಯುವುದು ಚಳಿಗಾಲದಲ್ಲಷ್ಟೇ. ಮೂರು ಹಗಲು, ಮೂರು ರಾತ್ರಿ ಸುಮಾರು 10 ಟನ್ ಕಬ್ಬಿಣದ ಮರಳು, 12 ಟನ್ ಇದ್ದಲು ನುಂಗಿ 2.5 ಟನ್ ಗಟ್ಟಿ ಕೊಡುತ್ತದೆ; ಅದರಲ್ಲಿ ತಮಾಹಗಾನೆ ಎಂಬ, ಕತ್ತಿಗೆ ಬೇಕಾದ ಒಳ್ಳೆಯ ಉಕ್ಕು ಒಂದು ಪಾಲು ಮಾತ್ರ.

ಉಕ್ಕನ್ನು ಮಡಿಸಿ ಬಡಿದಷ್ಟೂ ಕತ್ತಿ ಒಳ್ಳೆಯದು ಎನ್ನುವುದು ಮಾರುವವರ ಮಾತು. ಹತ್ತು ಹದಿನೈದು ಮಡಿಕೆಗೆ ಕಿಟ್ಟ ಹೊರಬಿದ್ದು ಇಂಗಾಲ ಸಮನಾಗುತ್ತದೆ. ಮುಂದುವರಿಸಿದರೆ ಪ್ರತಿ ಕಾವಿಗೂ ಇಂಗಾಲ ಸುಟ್ಟುಹೋಗಿ ಬಾಯಿ ಗಡಸಾಗುವುದಿಲ್ಲ. ಬೆಸುಗೆ ಕೂರದ ಕಡೆ ಒಳಗೆ ಗುಳ್ಳೆ ಉಳಿಯುತ್ತದೆ. ಸಾಣೆ ಹಿಡಿದಾಗ ಅದು ಒಡೆದು ಗುಂಡಿ ಬೀಳುತ್ತದೆ.

ಬಾಯಿಯುದ್ದಕ್ಕೂ ಕಾಣುವ ಹಮೋನ್ ಚಿತ್ರಾಲಂಕಾರವಲ್ಲ. ಬೆನ್ನಿಗೆ ದಪ್ಪ, ಬಾಯಿಗೆ ತೆಳು ಜೇಡಿಮಣ್ಣು ಬಳಿದು, 750-800 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದಾಗ ಗಡಸಾದ ಬಾಯಿಗೂ ಮೆತ್ತಗುಳಿದ ಮೈಗೂ ನಡುವೆ ಮೂಡುವ ಗಡಿ ಅದು. ಫೋಟೋದಲ್ಲಿ ಎದ್ದು ಕಾಣುವ ಬಿಳುಪನ್ನು ನಂಬಬೇಡಿ. ಅದು ಬಹುಪಾಲು ಹದೋರಿ, ಅಂದರೆ ಸಾಣೆಯವರು ಬೆರಳಷ್ಟು ಕಲ್ಲಿನಿಂದ ಉಜ್ಜಿ ತಂದದ್ದು. ಕೋಣೆ ಕತ್ತಲು ಮಾಡಿ, ಒಂದೇ ಬಲ್ಬಿನ ಕಡೆಗೆ ತುದಿ ಮಾಡಿ ಅಲಗನ್ನು ನಿಧಾನಕ್ಕೆ ಓರೆ ಮಾಡಿ. ಬಿಳುಪಿನ ಅಡಿಯಿಂದ ನಿಜವಾದ ಗೆರೆ ಏಳುತ್ತದೆ: ನಿಯೊಯ್ ಎಂಬ ಅತಿ ಸಣ್ಣ ಕಣಗಳು ಮಂಜಿನಂತೆ, ನಿಯೆ ಎಂಬ ದೊಡ್ಡ ಕಣಗಳು ಬಿಡಿಬಿಡಿಯಾಗಿ ಹೊಳೆಯುತ್ತ. ಆಸಿಡ್ಡಿನಲ್ಲಿ ಕೊರೆದ ನಕಲಿಯಲ್ಲಿ ಏನೂ ಏಳದು, ಎತ್ತ ತಿರುಗಿಸಿದರೂ ಅದೇ ಬೂದು. ಬಾಯಿಗೆ ಅಡ್ಡಲಾಗಿ ಕೂದಲೆಳೆಯ ಬಿರುಕು ಕಂಡರೆ ಬೆಲೆ ಇಳಿಸುವ ಮಾತೂ ಬೇಡ, ವಾಪಸ್ ಮಾಡಿ. ಅದನ್ನು ಹಗಿರೆ ಎನ್ನುತ್ತಾರೆ; ನೀರಿಗಿಳಿಸಿದಾಗಲೇ ಆಗಿರಬಹುದು, ಸರಿಪಡಿಸಲಾಗದು.

ಹಿಡಿಯೊಳಗೆ ಕೂರುವ ಅಲಗಿನ ಬುಡ, ಅಂದರೆ ನಕಾಗೊ, ಹೊಸ ಕತ್ತಿಯಲ್ಲಿ ಹೊಳೆಯಬೇಕು, ಅರದ ಗೆರೆ ಚೂಪಾಗಿರಬೇಕು. ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಟ್ಟ ನೋಂದಣಿ ಪತ್ರದಲ್ಲಿರುವ ಉದ್ದ, ಬಾಗು, ಸಹಿ ಅಲಗಿಗೆ ತಾಳೆಯಾಗಬೇಕು. ಕತ್ತಿ ಜಪಾನ್ ಬಿಡುವಾಗ ಆ ಪತ್ರ ಹಿಂತಿರುಗಿಸಬೇಕಾದ್ದರಿಂದ ಪ್ರತಿ ತೆಗೆಸಿಕೊಳ್ಳಿ. ಭಾರತಕ್ಕೆ ತರಿಸುವವರು ದುಡ್ಡು ಕಟ್ಟುವ ಮೊದಲೇ 1959ರ ಶಸ್ತ್ರಾಸ್ತ್ರ ಕಾಯ್ದೆಯ ಆಮದು ಪರವಾನಗಿ ವಿಚಾರಿಸಿ. ಕತ್ತಿ ಕಸ್ಟಮ್ಸಿನಲ್ಲಿ ಕೂತ ಮೇಲೆ ಓಡಾಡಿ ಫಲವಿಲ್ಲ.

ಹೊಸ ಸಾಣೆಯ ಅಲಗು ಬೇಗ ತುಕ್ಕು ಹಿಡಿಯುತ್ತದೆ. ಮೊದಲ ಆರು ತಿಂಗಳು ಎರಡು ಮೂರು ವಾರಕ್ಕೊಮ್ಮೆ ಹೊರತೆಗೆದು ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಬೇಗ. ಲವಂಗದ ವಾಸನೆಯ ಚೋಜಿ ಎಣ್ಣೆ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದರೆ ಮರ ಹೀರಿ ಧೂಳು ಹಿಡಿಯುತ್ತದೆ. ಅಲಗು ಒರೆಸುವ ಸಾಣೆಕಲ್ಲಿನ ಉಚಿಕೊ ಪುಡಿ ಹೊಸ ಸಾಣೆಗೆ ಗೀರು ಹಾಕಬಹುದು, ಮೆತ್ತನೆ ಬಟ್ಟೆಯೇ ವಾಸಿ. ಶಿರಸಾಯ ಬರೀ ಅನ್ನದ ಅಂಟಿನಲ್ಲಿ ನಿಂತಿರುತ್ತದೆ. ಅದರ ಹಿಡಿ ಹಿಡಿದು ಕತ್ತಿ ಬೀಸಬೇಡಿ.