ಲೈಬ್ರರಿ ಪಾಠ ರೆಕಾರ್ಡ್ ಮಾಡಿ ಆರು ವರ್ಷ: ಒಬಿಎಸ್, ಯೂಟ್ಯೂಬ್ ಮತ್ತು ನನ್ನ ಗಂಟಲು

ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವರಿಗೆ ಈ ಪಾಡು ಗೊತ್ತು. ಸೆಮಿಸ್ಟರ್ ಶುರುವಾದ ಮೊದಲ ಮೂರು ವಾರ ಒಂದೇ ಪಾಠ, ಅದೇ ಜೋಕು, ಬ್ಯಾಚ್ ಮಾತ್ರ ಬೇರೆ. ಕ್ಯಾಟಲಾಗ್ ನೋಡುವುದು ಹೇಗೆ, ಮನೆಯಿಂದ ಲಾಗಿನ್ ಆಗುವುದು ಹೇಗೆ, ಡೇಟಾಬೇಸ್‌ನಲ್ಲಿ ಲೇಖನ ಹುಡುಕುವುದು ಹೇಗೆ. ನಾಲ್ಕನೇ ಬ್ಯಾಚ್ ಬರುವ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಇಷ್ಟಾದ ಮೇಲೂ ಅಸೈನ್‌ಮೆಂಟ್ ಕೊಡುವ ಹಿಂದಿನ ರಾತ್ರಿ ಅದೇ ಪ್ರಶ್ನೆ ಮೇಲ್‌ನಲ್ಲಿ ಬಂದು ಕೂತಿರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ತಪ್ಪು ವಿದ್ಯಾರ್ಥಿಗಳದ್ದಲ್ಲ. ಒಂದು ತಿಂಗಳ ನಂತರ ಬೇಕಾಗುವುದನ್ನು ಇವತ್ತು ಹೇಳಿದರೆ ಯಾರಿಗೆ ನೆನಪಿರುತ್ತದೆ?

2019ರಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದೆ. ಸ್ಕ್ರೀನ್ ಹಿಡಿಯಲು ಒಬಿಎಸ್ ಸ್ಟುಡಿಯೊ, ಧ್ವನಿ ಸರಿಮಾಡಲು ಆಡಾಸಿಟಿ, ಹಾಕಲು ಯೂಟ್ಯೂಬ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ.

ಒಬಿಎಸ್ ಮೊದಲ ದಿನ ಕಬ್ಬಿಣದ ಕಡಲೆ. ಲೈವ್ ಸ್ಟ್ರೀಮ್ ಮಾಡುವವರಿಗೂ ಬೇಕಾದ ಸಾಧನ ಅದು. ನಮ್ಮ ಕೆಲಸಕ್ಕೆ ಅರ್ಧ ಬಟನ್‌ಗಳು ಬೇಕಾಗುವುದೇ ಇಲ್ಲ. ಒಂದು ಸೀನ್, ಅದರಲ್ಲಿ ಬ್ರೌಸರ್ ಕಿಟಕಿ ಮತ್ತು ಮೈಕ್, ಅಷ್ಟು ಸಾಕು. ಇಡೀ ಸ್ಕ್ರೀನ್ ಬದಲು ಒಂದೇ ಕಿಟಕಿಯನ್ನು ಹಿಡಿಯಿರಿ. ಇಲ್ಲದಿದ್ದರೆ ಪಾಠದ ನಡುವೆ ನಿಮ್ಮ ಖಾಸಗಿ ಮೆಸೇಜ್ ಇಣುಕುತ್ತದೆ (ನನ್ನದು ಇಣುಕಿತ್ತು). ಫೈಲನ್ನು ಎಂಕೆವಿ ರೂಪದಲ್ಲಿ ಉಳಿಸಿ, ಆಮೇಲೆ ಒಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಿ. ನಾನು ನೇರವಾಗಿ ಎಂಪಿ4 ಇಟ್ಟಿದ್ದೆ. ಒಂದು ಸಲ ನಡುವೆ ಕರೆಂಟ್ ಹೋಯಿತು. ಫೈಲ್ ಮತ್ತೆ ತೆರೆಯಲೇ ಇಲ್ಲ. ಎಂಕೆವಿ ಆಗಿದ್ದರೆ ಅಲ್ಲಿಯವರೆಗಿನದ್ದಾದರೂ ಉಳಿಯುತ್ತಿತ್ತು.

ನನ್ನ ಮೊದಲ ವಿಡಿಯೊ 22 ನಿಮಿಷ. ಇಡೀ ತರಗತಿಯನ್ನು ಹಾಗೇ ಸುರಿದಿದ್ದೆ. ಹೆಸರು ‘ಗ್ರಂಥಾಲಯ ಸಂಪನ್ಮೂಲಗಳ ಪರಿಚಯ’. ಯಾರು ಎಲ್ಲಿಯವರೆಗೆ ನೋಡಿದರು ಎನ್ನುವ ಗ್ರಾಫ್ ಯೂಟ್ಯೂಬ್‌ನಲ್ಲಿ ಸಿಗುತ್ತದಲ್ಲ, ಅದು ನಾಲ್ಕನೇ ನಿಮಿಷದ ಹೊತ್ತಿಗೆ ನೆಲ ಕಚ್ಚಿತ್ತು. ಆಮೇಲೆ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಮೇಲೆ 2014ರಲ್ಲಿ ಬಂದ ಒಂದು ಅಧ್ಯಯನ ಓದಿದೆ. ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ್ದರು. ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಜಾಸ್ತಿ ನೋಡುವುದಿಲ್ಲ ಎಂದು ಅದರಲ್ಲಿತ್ತು. ಸುಮ್ನೆ ನನ್ನ ವಿದ್ಯಾರ್ಥಿಗಳನ್ನೇ ಬೈದುಕೊಂಡಿದ್ದೆ.

22 ನಿಮಿಷವನ್ನು ಒಂಬತ್ತು ತುಂಡು ಮಾಡಿದೆ. ಒಂದು ತುಂಡಿಗೆ ಒಂದೇ ಪ್ರಶ್ನೆ. ಹೆಸರುಗಳನ್ನು ಅವರ ಮೇಲ್‌ಗಳಿಂದಲೇ ತೆಗೆದುಕೊಂಡೆ: ‘ಲೇಖನ ತೆರೆಯಲು ದುಡ್ಡು ಕೇಳ್ತಿದೆ, ಏನು ಮಾಡಲಿ?’ ಇವತ್ತಿಗೂ ಅತಿ ಹೆಚ್ಚು ನೋಡುವುದು ಇದನ್ನೇ.

ಆ ಗ್ರಾಫ್ ಇನ್ನೊಂದನ್ನೂ ಕಲಿಸಿತು. ಹುಡುಕುವ ಪದಗಳನ್ನು ‘ಆಂಡ್’ (ಎರಡೂ ಇರಬೇಕು), ‘ಆರ್’ (ಯಾವುದಾದರೊಂದು ಸಾಕು) ಹಾಕಿ ಜೋಡಿಸುವುದನ್ನು ಹೇಳುವ ವಿಡಿಯೊದಲ್ಲಿ ಒಂದು ಕಡೆ ಗೆರೆ ದಿಢೀರ್ ಮೇಲೇಳುತ್ತಿತ್ತು. ಅಂದರೆ ಅಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡುತ್ತಿದ್ದರು. ಹೋಗಿ ನೋಡಿದರೆ, ‘ನಿದ್ದೆ ಆಂಡ್ (ಹದಿಹರೆಯ ಆರ್ ಯುವಜನ)’ ಅಂತ ಟೈಪ್ ಮಾಡುವಾಗ ಆವರಣ ಯಾಕೆ ಹಾಕಬೇಕು ಎಂದು ನಾನು ಹೇಳಿಯೇ ಇರಲಿಲ್ಲ. ಆವರಣ ಬಿಟ್ಟರೆ ಎಷ್ಟೋ ಡೇಟಾಬೇಸ್‌ಗಳು ‘ಯುವಜನ’ ಇರುವ ಲೇಖನಗಳನ್ನೆಲ್ಲ, ನಿದ್ದೆಗೆ ಸಂಬಂಧ ಇಲ್ಲದಿದ್ದರೂ, ತಂದು ಸುರಿಯುತ್ತವೆ. ವರ್ಷಗಟ್ಟಲೆ ತರಗತಿಯಲ್ಲೂ ಅದನ್ನು ಹಾರಿಸಿಕೊಂಡೇ ಹೋಗಿದ್ದೆ. ಅಲ್ಲಿ ಯಾರೂ ಕೈ ಎತ್ತಿರಲಿಲ್ಲ.

ಈಗ ತಲೆನೋವಿನ ವಿಷಯ. ವಿಡಿಯೊ ಬೇಗ ಹಳಸುತ್ತದೆ. ನಾವು ಚಂದಾ ಕಟ್ಟುವ ಒಂದು ಡೇಟಾಬೇಸ್ ಸೆಮಿಸ್ಟರ್ ನಡುವೆಯೇ ಮುಖ ಬದಲಾಯಿಸಿತು. ನನ್ನ ವಿಡಿಯೊ ಮಾತ್ರ ‘ಬಲಗಡೆಯ ಹಸಿರು ಬಟನ್ ಒತ್ತಿ’ ಎನ್ನುತ್ತಲೇ ಇತ್ತು. ಬಲಗಡೆ ಏನೂ ಇರಲಿಲ್ಲ. ಅವತ್ತಿನಿಂದ ಎರಡು ಜಾತಿ ಮಾಡಿಕೊಂಡಿದ್ದೇನೆ. ಹುಡುಕುವ ಪದ ಆರಿಸುವುದು, ಮೂಲವನ್ನು ನಂಬಬಹುದೇ ಎಂದು ನೋಡುವುದು, ಇಂಥವನ್ನು ಮನಸ್ಸಿಟ್ಟು ಮಾಡುತ್ತೇನೆ. ಅವು ವರ್ಷಗಟ್ಟಲೆ ಬಾಳುತ್ತವೆ. ಎಲ್ಲಿ ಕ್ಲಿಕ್ ಮಾಡಬೇಕು ಎನ್ನುವವು ಎರಡು ನಿಮಿಷದೊಳಗೆ, ಎಡಿಟಿಂಗ್ ಇಲ್ಲ, ಮುಖ ತೋರಿಸುವುದಿಲ್ಲ. ಹಳೆಯದಾದರೆ ಎಸೆಯಲು ಹೊಟ್ಟೆ ಉರಿಯಬಾರದು, ಅಲ್ವಾ?

ಯೂಟ್ಯೂಬ್‌ನಲ್ಲಿ ಹಾಕಿದ ಫೈಲಿನ ಜಾಗಕ್ಕೆ ಅದೇ ಲಿಂಕ್‌ನಲ್ಲಿ ಹೊಸ ಫೈಲ್ ಹಾಕಲು ಬರುವುದಿಲ್ಲ. ಹಾಗಾಗಿ ಯೂಟ್ಯೂಬ್ ಲಿಂಕನ್ನು ಯಾರಿಗೂ ನೇರವಾಗಿ ಕೊಡಬೇಡಿ. ಲೈಬ್ರರಿಯದ್ದೇ ಒಂದು ಪುಟ ಮಾಡಿ ವಿಡಿಯೊವನ್ನು ಅದರೊಳಗೆ ಕೂರಿಸಿ. ಒಳಗಿನದ್ದು ಬದಲಾದರೂ ವಿಳಾಸ ಬದಲಾಗುವುದಿಲ್ಲ. ಸ್ಕ್ರಿಪ್ಟನ್ನೂ, ಅಂದರೆ ವಿಡಿಯೊದಲ್ಲಿ ಹೇಳುವ ಮಾತನ್ನು ಬರೆದದ್ದನ್ನೂ, ಅಲ್ಲೇ ಇಡಿ. ಹಿಂದಿನವರು ಫ್ಲ್ಯಾಶ್ ಎಂಬ ಹಳೆಯ ತಂತ್ರಾಂಶದಲ್ಲಿ ಮಾಡಿಟ್ಟಿದ್ದ ಪಾಠಗಳು ನಮ್ಮಲ್ಲಿದ್ದವು. 2020ರ ಕೊನೆಗೆ ಫ್ಲ್ಯಾಶ್ ನಿಂತಿತು, ಅವೂ ಹೋದವು. ಬರೆದಿಟ್ಟ ಸ್ಕ್ರಿಪ್ಟ್ ಇದ್ದಿದ್ದರೆ ಮತ್ತೆ ಮಾಡಬಹುದಿತ್ತು.

ಸ್ಕ್ರಿಪ್ಟ್ ಇದ್ದರೆ ಕ್ಯಾಪ್ಶನ್ (ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವುದು) ಕೆಲಸವೂ ಮುಗಿದಂತೆ. ತಾನಾಗಿ ಬರುವ ಕ್ಯಾಪ್ಶನ್‌ಗಳನ್ನು ಹಾಗೇ ಬಿಡಬೇಡಿ, ಡೇಟಾಬೇಸ್ ಹೆಸರುಗಳನ್ನು ಅವು ಏನೇನೋ ಮಾಡುತ್ತವೆ. ರೆಕಾರ್ಡ್ ಮಾಡಿದ ವಿಡಿಯೊಗೆ ಕ್ಯಾಪ್ಶನ್ ಇರಬೇಕು ಎನ್ನುವುದು ವೆಬ್ ಸುಲಭಬಳಕೆ ಮಾನದಂಡದಲ್ಲಿ ಎ ಹಂತದ, ಅಂದರೆ ತೀರಾ ಕನಿಷ್ಠ ನಿಯಮ.

ಲೈಬ್ರರಿ ಪುಟದಲ್ಲಿ ಸುಮ್ಮನೆ ಸಾಲಾಗಿ ಜೋಡಿಸಿದ್ದಾಗ ಯಾರೂ ಆ ಕಡೆ ಬರುತ್ತಿರಲಿಲ್ಲ. ಮೇಷ್ಟ್ರುಗಳನ್ನು ಕಾಡಿ ಬೇಡಿ, ಕೋರ್ಸಿನ ಆನ್‌ಲೈನ್ ತಾಣವಾದ ಮೂಡಲ್‌ನಲ್ಲಿ ಅಸೈನ್‌ಮೆಂಟ್ ಪಕ್ಕದಲ್ಲೇ ಆ ಪುಟದ ಲಿಂಕ್ ಹಾಕಿಸಿದೆ. ರಾತ್ರಿಯ ಮೇಲ್‌ಗಳು ಕಡಿಮೆಯಾದದ್ದು ಅದಾದ ಮೇಲೆಯೇ. ತರಗತಿಗೆ ಮೊದಲು ನೋಡಿಕೊಂಡು ಬನ್ನಿ ಎಂದರೆ ಈಗಲೂ ಎಲ್ಲರೂ ನೋಡುವುದಿಲ್ಲ. ವಿಡಿಯೊದೊಳಗೆ ಪ್ರಶ್ನೆ ಕೂರಿಸಲು ಬರುವ ಎಚ್‌5ಪಿ ಎಂಬ ಸಾಧನದಲ್ಲಿ ನಡುವೆ ಎರಡು ಪ್ರಶ್ನೆ ಸೇರಿಸಿದರೆ ಸ್ವಲ್ಪ ವಾಸಿ.

ತರಗತಿಯನ್ನಂತೂ ನಿಲ್ಲಿಸಿಲ್ಲ. ‘ಸೋಷಿಯಲ್ ಮೀಡಿಯಾ ಬಗ್ಗೆ ಬರೀಬೇಕು’ ಎಂದು ಬರುವ ಹುಡುಗಿಗೆ, ಯಾರ ಬಳಕೆ, ಯಾವ ಪರಿಣಾಮ, ಯಾವ ವಯಸ್ಸು ಎಂದು ಕೇಳುತ್ತಾ ವಿಷಯವನ್ನು ಸಣ್ಣದು ಮಾಡಿಕೊಡಲು ಯಾವ ವಿಡಿಯೊಗೂ ಆಗುವುದಿಲ್ಲ. ಮೊದಲು ಅದಕ್ಕೆ ಸಮಯವೇ ಸಿಗುತ್ತಿರಲಿಲ್ಲ. ಈಗ ಪೂರ್ತಿ ಗಂಟೆ ಅದಕ್ಕೇ ಸಿಗುತ್ತದೆ.

ಒಬಿಎಸ್‌ಗೆ ಐದರಲ್ಲಿ ನಾಲ್ಕೂವರೆ, ಯೂಟ್ಯೂಬ್‌ಗೆ ಗ್ರಾಫ್ ಸಲುವಾಗಿ ನಾಲ್ಕು. ಮನೆಯಿಂದ ಲಾಗಿನ್ ಆಗುವ ಪುಟ ಮೊನ್ನೆ ಮತ್ತೆ ಬದಲಾಗಿದೆ. ನಾಳೆ ಬೆಳಿಗ್ಗೆ ಲೈಬ್ರರಿ ತೆರೆಯುವ ಮುಂಚೆ, ಗಲಾಟೆ ಇಲ್ಲದಾಗ, ಆ ವಿಡಿಯೊವನ್ನು ನಾಲ್ಕನೇ ಸಲ ಮಾಡಬೇಕು. ಒಂದೂವರೆ ನಿಮಿಷದ್ದು.