ಜೇಬಿಗೆ ಯಾವ ಚಾಕು: ಒಪಿನೆಲ್, ಸ್ಪಾರ್ಟನ್, ಡೆಲಿಕಾ

ಜೇಬಿನಲ್ಲಿರುವ ಮಡಚುವ ಚಾಕುವಿಗೆ ದಿನಕ್ಕೆ ಬೀಳುವ ಕೆಲಸ ಎಷ್ಟು ಮಹಾ? ಪಾರ್ಸೆಲ್‌ನ ಟೇಪ್ ಸೀಳಬೇಕು, ರಟ್ಟಿನ ಡಬ್ಬ ಕತ್ತರಿಸಬೇಕು, ಹಗ್ಗ ತುಂಡರಿಸಬೇಕು, ಆಗೊಮ್ಮೆ ಈಗೊಮ್ಮೆ ಹಣ್ಣು ಕೊಯ್ಯಬೇಕು. ಇಷ್ಟಕ್ಕೇ ಮೂರು ಚಾಕುಗಳನ್ನು ಬದಲಾಯಿಸಿ ಬದಲಾಯಿಸಿ ಬಳಸಿದ್ದೇನೆ: ಕಾರ್ಬನ್ ಉಕ್ಕಿನ ಒಪಿನೆಲ್ 8, ವಿಕ್ಟೋರಿನಾಕ್ಸ್ ಸ್ಪಾರ್ಟನ್, ಸ್ಪೈಡರ್ಕೊ ಡೆಲಿಕಾ.

ಕತ್ತರಿಸುವ ವಿಷಯದಲ್ಲಿ ಒಪಿನೆಲ್ ಮುಂದೆ ಉಳಿದೆರಡು ನಿಲ್ಲುವುದಿಲ್ಲ. ಅದಕ್ಕೆ ಉಕ್ಕಿಗಿಂತ ಅಲಗಿನ ಆಕಾರ ಕಾರಣ. 8.5 ಸೆಂ.ಮೀ. ಉದ್ದದ ಅಲಗು, ಬೆನ್ನಿನಲ್ಲೇ ತೆಳು, ಬಾಯಿಯ ಕಡೆಗೆ ಇನ್ನೂ ತೆಳು. ಗಟ್ಟಿ ಸೇಬಿನ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಡೆಲಿಕಾ ಅರ್ಧ ಇಳಿದ ಮೇಲೆ ಅದರ ದಪ್ಪ ಬೆನ್ನು ಹಣ್ಣನ್ನು 'ಟಕ್' ಎಂದು ಸೀಳಿಬಿಡುತ್ತದೆ. ಒಪಿನೆಲ್ ಸದ್ದಿಲ್ಲದೆ ಹಲಗೆ ಮುಟ್ಟುತ್ತದೆ. ಸಾಣೆಕಲ್ಲಿಗೂ ಬೇಗ ಒಲಿಯುತ್ತದೆ. ಆದರೆ ನಿಂಬೆ ಕೊಯ್ದರೆ ಅಲಗು ಕಪ್ಪಿಡುತ್ತದೆ, ಒರೆಸದೆ ಮಡಚಿದರೆ ತುಕ್ಕು. ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಬಿಗಿಯಾಗಿ ಕೂತುಬಿಡುತ್ತದೆ. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಹಿಡಿಯುವ, 1955ರಲ್ಲಿ ಬಂದ ತಿರುಗಿಸುವ ಉಂಗುರದ ಲಾಕ್ ಸರಳ, ಗಟ್ಟಿ. ಎರಡೂ ಕೈ ಬೇಕು, ಅಷ್ಟೆ. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಇಲ್ಲದ ಆ ಗುಂಡು ಹಿಡಿ ಜೇಬಿನಲ್ಲಿ ಉರುಳಾಡುತ್ತಲೇ ಇರುತ್ತದೆ.

ಒಂದು ಕೈಯಲ್ಲಿ ಡಬ್ಬ ಹಿಡಿದಾಗ ಡೆಲಿಕಾದ ಬೆಲೆ ತಿಳಿಯುವುದು. ಅಲಗಿನ ದುಂಡು ತೂತಿಗೆ ಹೆಬ್ಬೆರಳಿಟ್ಟು ತಳ್ಳಿದರೆ ತೆರೆದುಕೊಳ್ಳುತ್ತದೆ, ಹಿಡಿಯ ಬೆನ್ನಿನಲ್ಲಿರುವ ಲಾಕ್ ಕೂರುತ್ತದೆ. ವಿಜಿ-10 ಉಕ್ಕು ಬಹಳ ಕಾಲ ಹರಿತ ಉಳಿಸಿಕೊಳ್ಳುತ್ತದೆ, ಮೊಂಡಾದ ಮೇಲೆ ಸಾಣೆಗೆ ಅಷ್ಟೇ ಹೊತ್ತು ಕೇಳುತ್ತದೆ. ನಾಲ್ಕು ಜನರ ನಡುವೆ ಇದನ್ನು ಟಪ್ಪನೆ ತೆರೆದರೆ ಮಾತು ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸ್ಪಾರ್ಟನ್ ತೆಗೆದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಲಾಕ್ ಇಲ್ಲ, ಆದ್ದರಿಂದ ಮೊನೆ ಚುಚ್ಚಿ ತೂತು ಕೊರೆಯುವ ಕೆಲಸಕ್ಕೆ ಅಲಗು ಬೇಡ, ಬೆರಳು ಹೋದೀತು. ಅದಕ್ಕೆ ಹಿಂಬದಿಯಲ್ಲಿ ದಬ್ಬಣದಂಥದೊಂದಿದೆ. ಉಕ್ಕು ಮೃದು, ಬೇಗ ಮೊಂಡಾಗುತ್ತದೆ. ಪಿಂಗಾಣಿ ಕಪ್ಪನ್ನು ಮಗುಚಿ, ತಳದ ಒರಟು ಅಂಚಿಗೆ ನಾಲ್ಕೆಂಟು ಸಲ ಎಳೆದರೆ ಮತ್ತೆ ಕಾಗದ ಕೊಯ್ಯುತ್ತದೆ. ಎರಡು ಅಲಗುಗಳಿರುವುದು ದೊಡ್ಡ ಅನುಕೂಲ: ಟೇಪಿನ ಅಂಟೆಲ್ಲ ಚಿಕ್ಕದಕ್ಕೆ, ಹಣ್ಣಿಗೆ ದೊಡ್ಡದು. ತಗಡಿನ ಡಬ್ಬ ತೆರೆಯುವುದು, ಸ್ಕ್ರೂಡ್ರೈವರ್ ಜೊತೆಗೇ ಬರುತ್ತವೆ, ತೂಕ ಮಾತ್ರ 60 ಗ್ರಾಂ ಆಸುಪಾಸು.

ನನ್ನ ಜೇಬಿನಲ್ಲಿರುವುದು ಸ್ಪಾರ್ಟನ್. ಲಾಕ್ ಬಗ್ಗೆ ನಡೆಯುವ ಚರ್ಚೆಯಷ್ಟು ಅದರ ಅಗತ್ಯ ನನಗಂತೂ ಬೀಳಲಿಲ್ಲ. ಬ್ರಿಟನ್‌ನಂಥ ಕಡೆ ಲಾಕ್ ಆಗುವ ಚಾಕುವನ್ನು ತಕ್ಕ ಕಾರಣವಿಲ್ಲದೆ ಸಾರ್ವಜನಿಕವಾಗಿ ಒಯ್ಯುವುದೇ ಅಪರಾಧ, ಕೊಳ್ಳುವ ಮೊದಲು ನಿಮ್ಮಲ್ಲಿನ ಕಾನೂನು ನೋಡಿಕೊಳ್ಳಿ. ಬುತ್ತಿ ಇರುವ ಚೀಲಕ್ಕೆ ಒಪಿನೆಲ್ ಹಾಕುತ್ತೇನೆ. ದಿನವಿಡೀ ಡಬ್ಬ ಬಿಚ್ಚುವ ಕೆಲಸದವರಿಗೆ ಡೆಲಿಕಾ ಸರಿ. ಎಡಗೈಯವರಿಗೂ ಅದೇ: ತೂತು ಎರಡೂ ಕಡೆಯಿಂದ ಸಿಗುತ್ತದೆ, ಕ್ಲಿಪ್ ಬದಲಿಸಿಕೊಳ್ಳಬಹುದು. ಸ್ಪಾರ್ಟನ್‌ನ ಅಲಗು ತೆರೆಯಲು ಉಗುರು ಸಿಕ್ಕಿಸುವ ಗೀರು ಬಲಗೈಯವರಿಗೆಂದೇ ಕೊರೆದದ್ದು.