8748, 6803, 8051: ಸೀರಿಯಲ್ ಪೋರ್ಟ್‌ಗೆ ನನ್ನ ಆಯ್ಕೆ 8051

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು 8051. ಮೈಕ್ರೊಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಒಳಗೇ ಸೀರಿಯಲ್ ಪೋರ್ಟ್ (ಒಂದೇ ತಂತಿಯಲ್ಲಿ ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ದಾರಿ) ಬಂದ ಆ ಮೊದಲ ದಿನಗಳು ಹೇಗಿದ್ದವು ಅಂತ ಕೈಯಾರೆ ನೋಡುವ ಆಸೆಯಿತ್ತು. ಅದಕ್ಕೇ ಮೂರು ಚಿಪ್ ತಂದು ಬ್ರೆಡ್‌ಬೋರ್ಡ್‌ ಮೇಲೆ ಕೂರಿಸಿದೆ.

8748 ಅಂದರೆ ಇಂಟೆಲ್‌ನ 1976ರ 8048, ಇಪ್ರಾಮ್ (ಯುವಿ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ) ಇರುವ ರೂಪ. ಇದರಲ್ಲಿ ಯುಎಆರ್‌ಟಿ, ಅಂದರೆ ಬೈಟನ್ನು ತಾನೇ ಬಿಟ್ ಬಿಟ್ ಆಗಿ ಕಳಿಸಿ ಪಡೆಯುವ ಸರ್ಕ್ಯೂಟ್, ಇಲ್ಲವೇ ಇಲ್ಲ. ಒಂದು ಪಿನ್ನನ್ನು ಪ್ರೋಗ್ರಾಮೇ ಏರಿಸಿ ಇಳಿಸಬೇಕು. 1200 ಬಾಡ್‌ನಲ್ಲಿ (ಸೆಕೆಂಡಿಗೆ 1200 ಬಿಟ್) ಒಂದು ಬಿಟ್‌ಗೆ 833 ಮೈಕ್ರೊಸೆಕೆಂಡು. ಚಿಪ್‌ಗೆ ತಾಳ ಕೊಡುವ ಕ್ರಿಸ್ಟಲ್ 6 ಮೆಗಾಹರ್ಟ್ಸ್‌ನದಾದರೆ ಸುಮಾರು 333 ಸೈಕಲ್ ಎಣಿಸುತ್ತಾ ಕೂರಬೇಕು. ಕೆಲಸವೇನೋ ಆಗುತ್ತದೆ, ಐಬಿಎಂ ಪಿಸಿಯ ಮೊದಲ ಕೀಬೋರ್ಡ್‌ನಲ್ಲೂ 8048 ಇತ್ತು. ಆದರೆ ಅಕ್ಷರ ಬರುತ್ತಿರುವಷ್ಟು ಹೊತ್ತು ಚಿಪ್‌ಗೆ ಬೇರೆ ಕೆಲಸ ಮಾಡಲು ಪುರುಸೊತ್ತಿಲ್ಲ. ಒಂದು ಸಾಲು ತಪ್ಪಿದರೂ ಯುವಿ ದೀಪದಡಿ ಇಟ್ಟು ಅಳಿಸಿ ಮತ್ತೆ ಬರೆಯಬೇಕು.

6803 ಎಂಬುದು ಮೊಟೊರೊಲಾದ 6801ರ ತಮ್ಮ, ಒಳಗೆ ಪ್ರೋಗ್ರಾಮ್ ಇಡುವ ರೋಮ್ ಇಲ್ಲದ್ದು. 8051ಕ್ಕಿಂತ ಮೊದಲೇ ಸೀರಿಯಲ್ ಪೋರ್ಟನ್ನು ಒಳಗಿಟ್ಟುಕೊಂಡ ಚಿಪ್ ಇದು. 4.9152 ಮೆಗಾಹರ್ಟ್ಸ್ ಹಾಕಿದರೆ 300, 1200, 9600, 76,800 ಬಾಡ್ ಸಿಗುತ್ತವೆ. 2400 ಬೇಕಾದರೆ ಹೊರಗಿನಿಂದ ಬೇರೆ ಕ್ಲಾಕ್ ಕೊಡಬೇಕು. ಓದುವ ಮೊದಲೇ ಇನ್ನೊಂದು ಬೈಟ್ ಬಂದು ಕಳೆದುಹೋದರೆ ಒಂದು ಫ್ಲಾಗ್ (ಎಚ್ಚರಿಕೆಯ ಬಿಟ್) ಎತ್ತಿ ಹೇಳುತ್ತದೆ. 8051 ಹಾಗೆ ಹೇಳುವುದಿಲ್ಲ, ಈ ವಿಷಯದಲ್ಲಿ 6803 ನಿಜಕ್ಕೂ ಮೇಲು. ಆದರೆ ಹೊರಗೆ ಇಪ್ರಾಮ್, ವಿಳಾಸ ಹಿಡಿದಿಡುವ ಲ್ಯಾಚ್ ಚಿಪ್, ಬೋರ್ಡ್ ತುಂಬಾ ವೈರು!

ಇನ್ನು 8051. 1980ರ ವಿನ್ಯಾಸ, ನನ್ನ ಹತ್ತಿರ ಇರುವುದು ಅಟ್ಮೆಲ್ 89ಎಸ್52. ಎಸ್‌ಬಫ್ ಎಂಬ ರಿಜಿಸ್ಟರಿಗೆ (ಚಿಪ್ ಒಳಗಿನ ಪುಟ್ಟ ಜಾಗ) ಬೈಟ್ ಹಾಕಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಬಾಡ್ ಲೆಕ್ಕ ಚಿಪ್ ಒಳಗಿನ ಟೈಮರ್ 1ರದ್ದು; ಅದು ಎಣಿಕೆ ಶುರುಮಾಡುವ ಸಂಖ್ಯೆಯನ್ನು ಟಿಎಚ್1 ಎಂಬ ರಿಜಿಸ್ಟರಿನಲ್ಲಿ ಹಾಕಬೇಕು, 256 ಮುಟ್ಟಿದಾಗ ಮತ್ತೆ ಅಲ್ಲಿಂದಲೇ ಶುರು. ನಾನು ಎರಡು ಸಂಜೆ ಕಳೆದುಕೊಂಡದ್ದು ಇಲ್ಲೇ.

9600ಕ್ಕೆ ಟಿಎಚ್1ರಲ್ಲಿ 253 ಹಾಕಿದ್ದೆ. ಕ್ಯಾಪಿಟಲ್ 'ಎ' ಕಳಿಸಿದರೆ ಕಂಪ್ಯೂಟರ್ ತೆರೆ ಮೇಲೆ ತಲೆಕೆಳಗಾದ ಆಶ್ಚರ್ಯಸೂಚಕ ಚಿಹ್ನೆ ಬರುತ್ತಿತ್ತು. ಚಿಪ್ ಮತ್ತು ಕಂಪ್ಯೂಟರ್ ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232 ಬದಲಾಯಿಸಿದೆ, ಅದರ ಕೆಪಾಸಿಟರ್ ಬದಲಾಯಿಸಿದೆ, ಕೇಬಲ್ಲೂ ಬದಲಾಯಿಸಿದೆ. ಪ್ರತಿ ಸಲವೂ ಅದೇ ಚಿಹ್ನೆ. ಕಸ ಬರುವುದಾದರೆ ಪ್ರತಿ ಸಲ ಒಂದೇ ಥರ ಯಾಕೆ ಬರಬೇಕು, ಅಲ್ವಾ?

'ಎ'ಯ ಸಂಕೇತ ಸಂಖ್ಯೆ 65, ಆ ಚಿಹ್ನೆಯದು 161. ಅಂದರೆ 65 ಕಳಿಸಿದರೆ 161 ಬರುತ್ತಿದೆ. ಎರಡನ್ನೂ ಬಿಟ್ ಬಿಟ್ ಆಗಿ ಬರೆದು ನೋಡಿದೆ. ಮೊದಲ ಐದು ಬಿಟ್ ಸರಿ, ಆರನೆಯದರಿಂದ ಒಂದು ಜಾಗ ಜಾರಿದೆ. ಅಂದರೆ ನನ್ನ ಚಿಪ್ ಜಾಸ್ತಿ ವೇಗವಾಗಿ ಕಳಿಸುತ್ತಿದೆ! ಆಗ ಕ್ರಿಸ್ಟಲ್ ಮೇಲಿನ ಅಕ್ಷರ ನೋಡಿದೆ: 12.000. ನಾನು ಕೇಳಿದ್ದು 11.0592, ಅಂಗಡಿಯವರು "ಎರಡೂ ಒಂದೇ" ಅಂತ ಕೊಟ್ಟಿದ್ದರು. ಒಂದೇ ಅಲ್ಲ. 11.0592 ಮೆಗಾಹರ್ಟ್ಸನ್ನು 12ರಿಂದ, ಆಮೇಲೆ 32ರಿಂದ (ಇವೆರಡೂ ಚಿಪ್ಪಿನದೇ ಭಾಗಾಕಾರ), ಕೊನೆಗೆ 3ರಿಂದ (256ರಲ್ಲಿ 253 ಕಳೆದದ್ದು) ಭಾಗಿಸಿದರೆ ಸರಿಯಾಗಿ 9600. 12 ಮೆಗಾಹರ್ಟ್ಸ್‌ನಲ್ಲಿ ಅದೇ ಲೆಕ್ಕ 10,417ಕ್ಕೆ ಹೋಗುತ್ತದೆ. ಎಂಟೂವರೆ ಶೇಕಡಾ ವ್ಯತ್ಯಾಸ. ಕ್ರಿಸ್ಟಲ್ ಬದಲಾಯಿಸಿದ ಕೂಡಲೇ 'ಎ' ಬಂತು. ಆ ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ನಾನು ರಾತ್ರಿ ಊಟದ ನಂತರ ಒಂದು ಗಂಟೆ ಕೂರುವವನು. ಚಿಪ್ ಸುಲಭವಾಗಿ ಸಿಗಬೇಕು, ಸುಟ್ಟರೆ ಜೇಬಿಗೆ ಭಾರವಾಗಬಾರದು, ಬೋರ್ಡಿನಿಂದ ಕೀಳದೆ ಮತ್ತೆ ಬರೆಯುವಂತಿರಬೇಕು. ಅದಕ್ಕೆ 8051. ಆ 12 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ನಾನು ಎಸೆಯಲಿಲ್ಲ. ಟಿಎಚ್1ರಲ್ಲಿ 243 ಹಾಕಿ 2400 ಬಾಡ್‌ನಲ್ಲಿ ಓಡಿಸಿದರೆ ಅದೂ ಚೆನ್ನಾಗಿಯೇ ಮಾತಾಡುತ್ತದೆ.